ಯಜಮಾನ ಸರ್ಕಾರವಾದರೆ ಬಟವಾಡೆ ಕೇಳುವುದು ಯಾರನ್ನು?



ತೋಟದಲ್ಲಿ ಬಟವಾಡೆ ಒಂದು ವಾರ ತಡವಾದರೆ ನೀವು ಏನು ಮಾಡುತ್ತೀರಿ? ರೈಟರನ್ನು ಕೇಳುತ್ತೀರಿ. ಆಫೀಸಿನ ಮುಂದೆ ನಿಲ್ಲುತ್ತೀರಿ. ಯೂನಿಯನ್ನಿನವರಿಗೆ ಹೇಳುತ್ತೀರಿ. ಅದಕ್ಕೂ ಬಗ್ಗದಿದ್ದರೆ ಲೇಬರ್ ಆಫೀಸರಿಗೆ ಅರ್ಜಿ ಹಾಕುತ್ತೀರಿ. ಕೂಲಿ ಕೊಡಬೇಕಾದ ಯಜಮಾನ ಯಾರೆಂಬುದು ನಿಮಗೆ ಗೊತ್ತು. ಹಾಲಹರವಿ, ಆಲೂರು, ಆದೋನಿ ಕಡೆಯ ಬಯಲಿನಲ್ಲಿ ಗುದ್ದಲಿ ಹಿಡಿದು ಮಣ್ಣು ಹೊತ್ತ ನಮಗೆ ಆ ಭಾಗ್ಯವೂ ಇಲ್ಲ. ನಮ್ಮ ಯಜಮಾನ ಸರ್ಕಾರ. ಅದೂ ಒಂದಲ್ಲ, ಎರಡು. ಒಂದನ್ನು ಕೇಳಿದರೆ ಇನ್ನೊಂದರ ಕಡೆಗೆ ಬೆರಳು ತೋರಿಸುತ್ತದೆ.

ನಾವು ಹೇಳುತ್ತಿರುವುದು ತೆಲುಗಿನವರು ಉಪಾಧಿ ಹಾಮಿ ಎಂದೂ ಗಡಿಯಾಚೆ ಬಳ್ಳಾರಿಯವರು ಉದ್ಯೋಗ ಖಾತರಿ ಎಂದೂ ಕರೆದ ಕೆಲಸದ ಮಾತು. 2005ರ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು: ಕೆಲಸ ಮಾಡಿದವನಿಗೆ 15 ದಿನದೊಳಗೆ ಕೂಲಿ ಸಿಗಬೇಕು. ತಡವಾದರೆ ದಿನಕ್ಕೆ ಶೇಕಡಾ 0.05ರಂತೆ ಪರಿಹಾರ ಸಿಗಬೇಕು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡೋಣ. 2025-26ರಲ್ಲಿ ಆಂಧ್ರದ ದಿನಗೂಲಿ 307 ರೂಪಾಯಿ. (ಅದೇ ವರ್ಷ ಕರ್ನಾಟಕದ್ದು 370. ಬಿಸಿಲು ಮಾತ್ರ ಎರಡು ಕಡೆಯೂ ಒಂದೇ.) ಅಳತೆ ಸರಿಯಾಗಿ ಬಿದ್ದರೆ ಆರು ದಿನಕ್ಕೆ 1842 ರೂಪಾಯಿ. ಅದರ ಮೇಲೆ ಒಂದು ದಿನದ ಪರಿಹಾರ 92 ಪೈಸೆ! ಎರಡು ತಿಂಗಳು ತಡವಾದರೆ 55 ರೂಪಾಯಿ. ಆ ಎರಡು ತಿಂಗಳು ಮನೆ ನಡೆಸಲು ಅಷ್ಟೇ ಹಣವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದರೆ ಸಾಹುಕಾರನಿಗೆ ಕಟ್ಟುವುದು 110 ರೂಪಾಯಿ. ಹೀಗೆ ಸರ್ಕಾರದ ಸಾಲಕ್ಕೆ ಬಡ್ಡಿ ಕಟ್ಟುವವರು ನಾವು.

ಆ 55 ರೂಪಾಯಿಯಾದರೂ ಕೈಗೆ ಬಂದಿತೇ? ಹಣ ಕೇಂದ್ರದ ಬಳಿ ಸಿಕ್ಕಿಕೊಂಡ ದಿನಗಳನ್ನು ತಡವೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಸ್ವರಾಜ್ ಅಭಿಯಾನದವರು ಹಾಕಿದ ಮೊಕದ್ದಮೆಯಲ್ಲಿ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಆ ದಿನಗಳ ಹೊಣೆಯಿಂದ ಕೇಂದ್ರವೂ ನುಣುಚಿಕೊಳ್ಳುವಂತಿಲ್ಲವೆಂದು ತೀರ್ಪು ಕೊಟ್ಟಿತು. ತೀರ್ಪು ಬಂತು, ಕೂಲಿ ಮಾತ್ರ ತನ್ನ ಪಾಡಿಗೆ ತಾನು ತಡವಾಗಿಯೇ ಬರುತ್ತಿತ್ತು. ಬ್ಯಾಂಕಿಗೆ ನಡೆದು ನಡೆದು ಸಾಕಾದವರು ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆ ಬಿಡಿಸಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೊರಟರು. ಅಲ್ಲಿನ ರೈತ ವಾರಕ್ಕೊಮ್ಮೆಯಾದರೂ ದುಡ್ಡು ಎಣಿಸಿ ಕೊಡುತ್ತಾನೆ. ಮೋಶೆಯ ಧರ್ಮಶಾಸ್ತ್ರ ಕೂಲಿಯಾಳಿನ ಕೂಲಿಗೆ ಹಾಕಿದ ಗಡುವು ಸೂರ್ಯಾಸ್ತ. ನಮ್ಮ ಕಾಲದ ಸರ್ಕಾರಕ್ಕೆ ಹದಿನೈದು ಸೂರ್ಯಾಸ್ತಗಳೂ ಸಾಲಲಿಲ್ಲ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ದೆಹಲಿಯಿಂದ ಹಣ ಬರುವವರೆಗೆ ರಾಜ್ಯ ಸರ್ಕಾರವೇ ತನ್ನ ಖಜಾನೆಯಿಂದ ಕೂಲಿ ಕೊಡಬೇಕು. ಆಮೇಲೆ ದೆಹಲಿಯಿಂದ ವಸೂಲು ಮಾಡಿಕೊಳ್ಳಲಿ. ಇದು ಆಗದ ಮಾತೆಂದು ಅಧಿಕಾರಿಗಳು ನಗಬಹುದು. ಆದರೆ ಇದು ಆಗಿದೆ. ಅಕ್ರಮ ನಡೆದಿದೆಯೆಂದು ಕೇಂದ್ರ ಸರ್ಕಾರ 2022ರ ಮಾರ್ಚಿಯಲ್ಲಿ ಪಶ್ಚಿಮ ಬಂಗಾಳಕ್ಕೆ ಈ ಹಣವನ್ನೇ ನಿಲ್ಲಿಸಿತು. ಕಳ್ಳ ಲೆಕ್ಕ ಬರೆದವರು ಯಾರೋ, ಉಪವಾಸ ಬಿದ್ದವರು ಬುಟ್ಟಿ ಹೊತ್ತವರು. 2024ರ ಫೆಬ್ರವರಿಯಲ್ಲಿ ಅಲ್ಲಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರು 21 ಲಕ್ಷ ಕೂಲಿಕಾರರ ಬಾಕಿಯನ್ನು ರಾಜ್ಯವೇ ಕೊಡುವುದೆಂದು ಸಾರಿದರು. ಎರಡು ವರ್ಷ ಸುಮ್ಮನಿದ್ದು ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಜ್ಞಾಪಕ ಬಂದದ್ದನ್ನು ನಾವು ಕಾಣದೆ ಇಲ್ಲ. ಆದರೂ ಕೊಡಲು ಸಾಧ್ಯವೆಂಬುದು ಅದರಿಂದ ರುಜುವಾತಾಯಿತು. ಅದೇ ರಾಜ್ಯದಲ್ಲಿ ಮಾಲೀಕರು ಬಿಟ್ಟುಹೋದ ಚಹಾತೋಟಗಳ ಕಾರ್ಮಿಕರಿಗೆ ಸರ್ಕಾರ ತಿಂಗಳಿಗೆ 1500 ರೂಪಾಯಿ ಸಹಾಯಧನ ಕೊಟ್ಟದ್ದನ್ನು ತೋಟದವರಾದ ನೀವು ಕೇಳಿರಬಹುದು. ಖಾಸಗಿ ಯಜಮಾನ ಕೈಬಿಟ್ಟಾಗ ಬರುವ ಸರ್ಕಾರ, ತಾನೇ ಯಜಮಾನನಾಗಿ ಕೈಬಿಟ್ಟಾಗ ಎಲ್ಲಿ ಹೋಗುತ್ತದೆ?

ಅಮೆರಿಕದಂಥ ಹಣವಂತರ ದೇಶದಲ್ಲೂ ಇದೇ ಕಥೆ. ಅಲ್ಲಿ ಬಜೆಟ್ಟಿನ ಜಗಳದಲ್ಲಿ 2018ರ ಡಿಸೆಂಬರ್ 22ರಿಂದ 35 ದಿನ ಕೇಂದ್ರ ಸರ್ಕಾರದ ಹಲವು ಇಲಾಖೆಗಳು ಬಾಗಿಲು ಹಾಕಿದವು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ತಪಾಸಣೆ ಮಾಡುವವರು ಸಂಬಳವಿಲ್ಲದೆ ಕೆಲಸಕ್ಕೆ ಬರಲೇಬೇಕಾಯಿತು. ಆಗ ಕನೆಕ್ಟಿಕಟ್ ರಾಜ್ಯ ತಾನು ಜಾಮೀನು ನಿಂತು ಬ್ಯಾಂಕುಗಳಿಂದ ಅವರಿಗೆ ಬಡ್ಡಿಯಿಲ್ಲದ ಸಾಲ ಕೊಡಿಸಿತು. ಕೇಂದ್ರದ ಕಾರ್ಮಿಕ ಇಲಾಖೆ ಕೂಡದೆಂದರೂ ಕ್ಯಾಲಿಫೋರ್ನಿಯಾದ ಗವರ್ನರ್ ನಿರುದ್ಯೋಗ ಭತ್ಯೆ ಕೊಡುವೆವೆಂದು ನಿಂತರು. ಅಲ್ಲಿನ ಸರ್ಕಾರಿ ನೌಕರರಿಗೆ ಕಡೆಗೆ ಬಾಕಿ ಸಂಬಳ ಬಂತು. ಕಸ ಗುಡಿಸುವ ಕಂಟ್ರಾಕ್ಟ್ ಕೂಲಿಗಳಿಗೆ ಆ ಖಾತರಿಯೂ ಇರಲಿಲ್ಲ. ತಳದಲ್ಲಿರುವವರ ಪಾಡು ಎಲ್ಲಾ ಕಡೆಯೂ ಒಂದೇ ಎಂದು ಕಾಣುತ್ತದೆ. 2025ರ ಅಕ್ಟೋಬರಿನಲ್ಲಿ ಮತ್ತೆ ಬಾಗಿಲು ಹಾಕಿದರು, ಈ ಸಾರಿ 43 ದಿನ.

ನಮ್ಮವರಲ್ಲೇ ಕೆಲವರು ಒಂದು ಆಕ್ಷೇಪಣೆ ಎತ್ತುತ್ತಾರೆ: ರಾಜ್ಯ ಕೊಟ್ಟುಬಿಟ್ಟರೆ ಕೇಂದ್ರ ತನ್ನ ಹೊಣೆ ಕಳಚಿಕೊಳ್ಳುವುದಿಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ಬಂಗಾಳಕ್ಕೆ ನಿಂತ ಯೋಜನೆಯನ್ನು ಮತ್ತೆ ನಡೆಸಬೇಕೆಂದು 2025ರ ಜೂನಿನಲ್ಲಿ ಕಲ್ಕತ್ತಾ ಹೈಕೋರ್ಟು ಹೇಳಬೇಕಾಯಿತು. ಕೇಂದ್ರದ ಮೇಲ್ಮನವಿಯನ್ನು ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಬೇಕಾಯಿತು. ಅಲ್ಲಿಗೆ ಮೂರೂವರೆ ವರ್ಷ! ಸರ್ಕಾರಗಳು ಕೋರ್ಟಿನಲ್ಲಿ ಮೂರೂವರೆ ವರ್ಷ ಕಾಯಬಲ್ಲವು. ಒಲೆ ಮೂರು ದಿನ ಕಾಯಲಾರದು. ಸಾಲ ವಸೂಲು ಮಾಡುವ ಶಕ್ತಿ ರಾಜ್ಯಕ್ಕಿದೆ, ವಕೀಲರಿದ್ದಾರೆ, ಸಂಸತ್ತಿನಲ್ಲಿ ಸದಸ್ಯರಿದ್ದಾರೆ. ನಮಗಿರುವುದು ಪಾಸ್‌ಬುಕ್ಕು.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ನೂರು ದಿನದ ಬದಲು 125 ದಿನ ಎನ್ನುತ್ತದೆ. ಆದರೆ ಆಂಧ್ರ, ಕರ್ನಾಟಕದಂಥ ರಾಜ್ಯಗಳು ನೂರಕ್ಕೆ 40 ಪಾಲು ಹಾಕಬೇಕೆನ್ನುತ್ತದೆ. ಹಿಂದೆ ಕೌಶಲವಿಲ್ಲದ ಕೆಲಸದ ಕೂಲಿಯನ್ನು ಪೂರ್ತಿ ಕೇಂದ್ರವೇ ಕೊಡಬೇಕಿತ್ತು. ಕೂಲಿಗೆ ಕೈಹಾಕಬೇಕಾದ ಜೇಬುಗಳು ಎರಡಾದರೆ ತಡವಾಗಲು ಕಾರಣಗಳೂ ಎರಡಾಗುತ್ತವೆಂಬ ಹೆದರಿಕೆ ನಮಗಿದೆ. ಒಂದು ಮಾತ್ರ ಖಂಡಿತ: ಇದು ನಮ್ಮ ಹಣವಲ್ಲ, ದೆಹಲಿಯದು ಎಂದು ರಾಜ್ಯ ಇನ್ನು ಮುಂದೆ ಹೇಳುವಂತಿಲ್ಲ.

ಆದುದರಿಂದ ನಾವು ಕೇಳುವುದು ಇಷ್ಟು. ರಾಜ್ಯ ಒಂದು ಪ್ರತ್ಯೇಕ ನಿಧಿ ಇಡಲಿ. ಹದಿನಾರನೆಯ ದಿನ ಬೆಳಗಾದಾಗ ಕೂಲಿ ಬಾರದಿದ್ದರೆ, ಯಾರ ತಪ್ಪೆಂದು ವಿಚಾರಿಸದೆ ಆ ನಿಧಿಯಿಂದ ಕೊಡಲಿ. ಮನವಿ ಪತ್ರ ಬರೆಯುತ್ತಿದ್ದೇವೆ. ನಿಮ್ಮ ಬಂಧುಗಳಲ್ಲಿ ಮಣ್ಣು ಕೆಲಸಕ್ಕೆ ಹೋದವರಿದ್ದರೆ ಮಸ್ಟರು ಮುಗಿದ ತಾರೀಖನ್ನೂ ಕೂಲಿ ಬ್ಯಾಂಕಿಗೆ ಬಿದ್ದ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆಸಿ ನಮಗೆ ತಲುಪಿಸಿ. ಕೂಲಿ ಇನ್ನೂ ಬೀಳದಿದ್ದವರು ಎರಡನೆಯ ಜಾಗವನ್ನು ಖಾಲಿ ಬಿಡಿ.