ಹುಳಕ್ಕೊಂದು ಹೆಸರು ಬರೀರಿ ಡಾಕ್ಟ್ರೇ

ದರ್ಶಿನಿಗೆ ಹೋಗಿ "ತಿಂಡಿ ಕೊಡಿ" ಅಂದ್ರೆ ಕೌಂಟರಿನವನು "ಯಾವ್ದು ಸಾರ್?" ಅಂತ ಕೇಳ್ತಾನೆ. ಕ್ಲಿನಿಕ್ಕಿನ ಚೀಟಿಯಲ್ಲಿ "ವರ್ಮ್ಸ್" ಅಂತ ಬರೆದ್ರೆ ಮಾತ್ರ ಯಾವ್ದು ಅಂತ ಒಬ್ಬರೂ ಕೇಳಲ್ಲ. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ, ಕೆಳಗೆ ಆಲ್ಬೆಂಡಜೋಲ್ 400, ಅದರ ಕೆಳಗೆ ಯಾರಿಗೂ ಓದಲಾಗದ ಸಹಿ. ನಾವೂ ಅದನ್ನ ಮಡಚಿ ಜೇಬಿಗಿಟ್ಟುಕೊಂಡು ಮೆಡಿಕಲ್ ಶಾಪಿಗೆ ಹೋಗ್ತೀವಿ.

ನನಗೆ ಇದು ಕಣ್ಣಿಗೆ ಚುಚ್ಚೋದು ನನ್ನ ಕೆಲಸದಿಂದಾಗಿ. ನಾನು ಮೆಡಿಕಲ್ ಕೋಡರ್. ಸಾಫ್ಟ್‌ವೇರ್ ಅಲ್ಲ (ಮನೆಯಲ್ಲಿ ಇನ್ನೂ ಹಾಗೇ ಅಂದುಕೊಂಡಿದ್ದಾರೆ, ಬಿಡಿ). ಅಮೆರಿಕದ ಡಾಕ್ಟರು ಬರೆದಿಟ್ಟ ದಾಖಲೆಯನ್ನು ಬೆಂಗಳೂರಲ್ಲಿ ಕೂತು ಓದಿ, ಪ್ರತಿ ಕಾಯಿಲೆಗೂ ಐಸಿಡಿ-10 ಪಟ್ಟಿಯ ಕೋಡ್ ಹಾಕೋದು ನಮ್ಮ ಕೆಲಸ. ಆ ಪಟ್ಟಿಯಲ್ಲಿ ಹುಳಗಳಿಗೆ ಎಷ್ಟು ಮರ್ಯಾದೆ ಅಂತೀರಿ! ದುಂಡುಹುಳು ಬಿ77. ಕರುಳಲ್ಲಿ ತೊಡಕು ಮಾಡಿದ್ರೆ ಬಿ77.0. ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ತಂದ್ರೆ ಅಮೆರಿಕದ ಪಟ್ಟಿಯಲ್ಲಿ ಬಿ77.81. ಯಾವ ಪರಾವಲಂಬಿ ಅಂತಲೇ ಗೊತ್ತಿಲ್ಲ, ಕರುಳಲ್ಲಿ ಏನೋ ಇದೆ ಅಂದ್ರೆ ಬಿ82.9. ಈ ಕೊನೆಯದನ್ನ ಕಂಡ್ರೆ ನಮ್ಮ ಆಡಿಟರ್ ಮುಖ ಸಿಂಡರಿಸ್ತಾರೆ.

ನಿಯಮಗಳೂ ಕಟ್ಟುನಿಟ್ಟು. ಡಾಕ್ಟರು ಬರೆಯದ್ದನ್ನು ನಾವು ಊಹಿಸುವಂತಿಲ್ಲ, ಕೊಟ್ಟ ಮಾತ್ರೆ ನೋಡಿ ರೋಗ ಕಟ್ಟುವಂತಿಲ್ಲ. ಹೊರರೋಗಿಯ ದಾಖಲೆಯಲ್ಲಿ "ಇರಬಹುದು", "ಅನುಮಾನ" ಅಂತಿದ್ರೆ ಆ ರೋಗದ ಕೋಡ್ ಹಾಕುವ ಹಾಗಿಲ್ಲ. ಹೊಟ್ಟೆನೋವೋ ಫಿಟ್ಸೋ, ಕಂಡ ಲಕ್ಷಣಕ್ಕಷ್ಟೇ ಕೋಡ್. ಗೊಂದಲ ಇದ್ರೆ ಡಾಕ್ಟರಿಗೇ ಪ್ರಶ್ನೆ ಕಳಿಸಬೇಕು, ಅದೂ ಉತ್ತರವನ್ನ ನಾವೇ ಅವರ ಬಾಯಿಗೆ ತುರುಕದ ಹಾಗೆ. ಯಾರೋ ದೂರದ ಅಜ್ಜನೊಬ್ಬನ ಕರುಳಿನ ಹುಳಕ್ಕೆ ಇಷ್ಟು ಕಾಳಜಿ ಮಾಡಿ, ಕ್ಯಾಬ್ ಹತ್ತಿ ಮನೆಗೆ ಬಂದ್ರೆ, ಅಮ್ಮನ ಫೈಲಿನಲ್ಲಿ "ವರ್ಮ್ಸ್?".

"ಅವೆಲ್ಲ ಬಿಲ್ಲಿಂಗಿನವರ ಗೋಳು ಕಣ್ರೀ, ರೋಗಿಗೆ ಗುಳಿಗೆ ಸಿಕ್ಕಿದ್ರೆ ಸಾಕು" ಅನ್ನೋರಿದ್ದಾರೆ. ಅವರಿಗೆ ಹಂದಿಯ ಲಾಡಿಹುಳದ ವಿಷಯ ಹೇಳ್ಬೇಕು. ಸರಿಯಾಗಿ ಬೇಯದ ಹಂದಿಮಾಂಸದಲ್ಲಿರುವ ಮರಿ ಹೊಟ್ಟೆಗೆ ಹೋದ್ರೆ ಹುಳ ಕರುಳಲ್ಲಿ ಬೆಳೆಯುತ್ತೆ. ಅದು ಬಿ68.0. ಆ ಹುಳ ಹೊತ್ತ ಮನುಷ್ಯನ ಮಲದಲ್ಲಿ ಹೊರಬಿದ್ದ ಮೊಟ್ಟೆ ನೀರು, ಸೊಪ್ಪು, ತೊಳೆಯದ ಕೈ ಮೂಲಕ ಹೊಟ್ಟೆ ಸೇರಿದ್ರೆ ಕತೆಯೇ ಬೇರೆ. ಮರಿಗಳು ರಕ್ತದಲ್ಲಿ ಸಾಗಿ ಸ್ನಾಯುವಿನಲ್ಲೋ ಕಣ್ಣಿನಲ್ಲೋ ಮಿದುಳಿನಲ್ಲೋ ಗೂಡು ಮಾಡ್ತವೆ. ಅದು ಸಿಸ್ಟಿಸರ್ಕೋಸಿಸ್, ಬಿ69. ಮಿದುಳಾದ್ರೆ ಬಿ69.0, ಕಣ್ಣಾದ್ರೆ ಬಿ69.1. ಹಂದಿಮಾಂಸ ಕಂಡೇ ಇರದ ಸಸ್ಯಾಹಾರಿಗೂ ಇದು ಬರುತ್ತೆ. "ಎಲೆಕೋಸಿನ ಹುಳ ಮಿದುಳಿಗೆ ಹತ್ತುತ್ತೆ" ಅಂತ ವಾಟ್ಸಾಪಿನಲ್ಲಿ ಓಡಾಡುತ್ತಲ್ಲ, ಕೋಸಿನೊಳಗಿನ ಆ ಹಸಿರು ಹುಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಔಷಧ ಎರಡಕ್ಕೂ ಅದೇ ಆಲ್ಬೆಂಡಜೋಲ್ ಇರಬಹುದು. ಆದರೆ ಶಾಲೆಯಲ್ಲಿ ಮಕ್ಕಳು ಜಗಿಯುವ ಜಂತುಹುಳದ ಮಾತ್ರೆ ಒಂದೇ ಒಂದು. ಮಿದುಳಿನ ಗಂಟಿಗೆ ಹತ್ತು ಹದಿನಾಲ್ಕು ದಿನ, ಜೊತೆಗೆ ಸ್ಟೀರಾಯ್ಡ್. ಹುಳ ಸಾಯುವಾಗ ಸುತ್ತಲಿನ ಮಿದುಳು ಊದಿಕೊಂಡು ಫಿಟ್ಸ್ ಜಾಸ್ತಿಯಾಗಬಹುದು, ಅದಕ್ಕೆ. "ಹುಳದ ಔಷಧಿ ಕೊಟ್ಟಿದೆ" ಅಂತಷ್ಟೇ ಬರೆದ ಚೀಟಿ ನೋಡಿ ಮುಂದಿನ ಡಾಕ್ಟರು ಏನಂತ ತಿಳ್ಕೋಬೇಕು?

ನನ್ನ ಚಿಕ್ಕಮ್ಮನ ಮಗಳಿಗೆ ಕಾಲೇಜಿನಲ್ಲಿದ್ದಾಗ ಒಂದು ಸಲ ಫಿಟ್ಸ್ ಬಂತು. ಸ್ಕ್ಯಾನ್‌ನಲ್ಲಿ ಒಂದೇ ಒಂದು ಪುಟ್ಟ ಗಂಟು, ಹುಳದ್ದು. ಚಿಕಿತ್ಸೆಯಾಯ್ತು, ಗಂಟು ಮಾಯವಾಯ್ತು, ಮಾತ್ರೆಯೂ ನಿಂತಿತು. ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹುಳದ ಸುದ್ದಿಯೇ ಇಲ್ಲ. "ಸೀಜರ್ ಡಿಸಾರ್ಡರ್" ಅಷ್ಟೇ. ಮುಂದೆ ಹೋದಲ್ಲೆಲ್ಲ ಅದನ್ನೇ ನಕಲು ಹೊಡೆದು "ನೋನ್ ಕೇಸ್ ಆಫ್ ಎಪಿಲೆಪ್ಸಿ" ಮಾಡಿದ್ರು. ಐದು ವರ್ಷದ ಮೇಲೆ ಅಪೆಂಡಿಕ್ಸ್ ಆಪರೇಷನ್ ಆದಾಗ ಕ್ಲೇಮ್ ಫಾರ್ಮಿನಲ್ಲಿ ಯಾರೋ ಜಿ40.9 ಬರೆದ್ರು. ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಇನ್ಶೂರೆನ್ಸಿನವರು ದುಡ್ಡು ಕೊಡಲಿಲ್ಲ. ಬರೆಯಬೇಕಿದ್ದದ್ದು ಝಡ್86.1, ಹಿಂದೊಮ್ಮೆ ಪರಾವಲಂಬಿ ಸೋಂಕಾಗಿ ವಾಸಿಯಾಗಿದೆ ಅಂತ.

ದುಡ್ಡು ಹೋಗ್ಲಿ ಅನ್ನಿ. ಗಂಡು ನೋಡೋಕೆ ಶುರುಮಾಡಿದಾಗ ಆ ಫೈಲನ್ನ ಚಿಕ್ಕಮ್ಮ ಬೀರುವಿನ ತಳಕ್ಕೆ ಸೇರಿಸಿದ್ರು. ಪದೇಪದೇ ಮೂರ್ಛೆ ಬರುವವರು ಮದುವೆಗೆ ಅನರ್ಹರು ಅಂತ ಹಿಂದೂ ವಿವಾಹ ಕಾಯ್ದೆಯಲ್ಲೇ ಇತ್ತು, ಗೊತ್ತಾ? ಅದನ್ನ ತೆಗೆದದ್ದು 1999ರಲ್ಲಿ. ಕಾನೂನಿನಿಂದ ತೆಗೆದ್ರು, ನೆಂಟರ ಬಾಯಿಂದ ತೆಗೆಯೋರು ಯಾರು?

ಡಾಕ್ಟರ ಕಷ್ಟ ಗೊತ್ತಿಲ್ಲದೆ ಹೇಳ್ತಿಲ್ಲ. ಹೊರಗಡೆ ಅರವತ್ತು ಜನ ಕೂತಿರುವಾಗ ಪ್ರಬಂಧ ಬರೆಯೋಕಾಗಲ್ಲ. ಕೆಲವು ಸಲ ಖಚಿತವಾಗಿ ಹೇಳೋದೂ ಕಷ್ಟವೇ. ಸ್ಕ್ಯಾನ್‌ನಲ್ಲಿ ಕಾಣೋ ಗಂಟು ಹುಳದ್ದೋ ಕ್ಷಯದ್ದೋ ಅಂತ ಬೇರ್ಪಡಿಸೋಕೆ ವೆಲ್ಲೂರಿನ ಸಿಎಂಸಿ ವೈದ್ಯರು 1990ರ ದಶಕದಲ್ಲಿ ಮಾನದಂಡಗಳನ್ನೇ ರೂಪಿಸಬೇಕಾಯ್ತು. ಹಾಗಾಗಿ ಮೊದಲ ದಿನ ಪ್ರಶ್ನಾರ್ಥಕ ಚಿಹ್ನೆ ಹಾಕಲಿ, ಅದು ಪ್ರಾಮಾಣಿಕತೆ. ನನ್ನ ತಕರಾರು ಮೂರನೇ ತಿಂಗಳಲ್ಲೂ ಅದು ಅಲ್ಲೇ ನೇತಾಡ್ತಿರುತ್ತಲ್ಲ, ಅದರ ಬಗ್ಗೆ. ಯಾವ ಹುಳ, ಎಲ್ಲಿದೆ, ಯಾವ ಪರೀಕ್ಷೆಯಿಂದ ಗೊತ್ತಾಯ್ತು, ಈಗ ಇದೆಯೋ ಹೋಯಿತೋ. ಒಂದೂವರೆ ಸಾಲು ಸ್ವಾಮಿ.

ನಾವೇನು ಕಮ್ಮಿಯಾ? ಫುಡ್ ಆರ್ಡರ್‌ನಲ್ಲಿ ಚಟ್ನಿ ಬರಲಿಲ್ಲ ಅಂದ್ರೆ ಫೋಟೋ ಹಾಕಿ ರಿಫಂಡ್ ಕೇಳ್ತೀವಿ. ಡಿಸ್ಚಾರ್ಜ್ ದಿನ ಮಾತ್ರ ಪಾರ್ಕಿಂಗ್ ಚೀಟಿ ಹುಡುಕೋ ಗಡಿಬಿಡಿಯಲ್ಲಿ ಕೊಟ್ಟಲ್ಲೆಲ್ಲ ಸೈನ್ ಹಾಕ್ತೀವಿ. ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆಯವರು ತುಂಬೋ ಭಾಗ ಅಂತ ಒಂದಿದೆ. ಅದರಲ್ಲಿ ಐಸಿಡಿ-10 ಕೋಡಿಗೆ ಪುಟ್ಟ ಚೌಕಗಳಿವೆ: ಮುಖ್ಯ ರೋಗಕ್ಕೊಂದು, ಜೊತೆಗಿರೋ ಕಾಯಿಲೆಗಳಿಗೆ ಇನ್ನೊಂದಷ್ಟು. ಮುಂದಿನ ಸಲ ಇನ್ಶೂರೆನ್ಸ್ ಡೆಸ್ಕಿನ ಹುಡುಗ ಅದನ್ನ ತುಂಬುವಾಗ ಪಕ್ಕದಲ್ಲಿ ನಿಂತು, ಇದ್ಯಾವ ಕಾಯಿಲೆಯ ಕೋಡಪ್ಪ, ಡಾಕ್ಟರು ಇದನ್ನ ಎಲ್ಲಿ ಬರೆದಿದ್ದಾರೆ ತೋರಿಸು ಅಂತ ಕೇಳಿ. ಅವನು ಬೈದುಕೊಳ್ತಾನೆ. ಬೈದುಕೊಳ್ಳಲಿ, ಫೈಲು ನಿಮ್ಮದು.