ಅದು ಸಮೋಸಾದ ತಪ್ಪಾಗಿರಲಿಲ್ಲ

2021ರ ರಂಜಾನ್ ತಿಂಗಳ ಕೊನೆಯ ವಾರ. ನಮ್ಮ ದಾದಿಗೆ ಎರಡು ದಿನ ಭೇದಿ, ವಾಕರಿಕೆ. ಕೆಮ್ಮಿಲ್ಲ, ನೆಗಡಿಯಿಲ್ಲ. ಇಫ್ತಾರಿಗೆ ತಿಂದ ಸಮೋಸಾ ಆಗಿಬರಲಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ರಾತ್ರಿ ನಾನೇ ಅವರ ಪಕ್ಕದಲ್ಲಿ ಮಲಗಿದೆ. ಮೂರನೇ ದಿನ ಜ್ವರ ಬಂತು, ಆಮೇಲೆ ಉಸಿರಾಟದ ತೊಂದರೆ. ಪರೀಕ್ಷೆ ಮಾಡಿಸಿದಾಗ ಕೋವಿಡ್! ಅಷ್ಟರಲ್ಲಿ ಮನೆಯ ಐವರಿಗೂ ತಗುಲಿತ್ತು. ಅಲ್ಲಾಹನ ಕೃಪೆಯಿಂದ ದಾದಿ ಗುಣಮುಖರಾದರು. ಆದರೆ ನಾವು ಕಳೆದುಕೊಂಡ ಆ ಮೂರು ದಿನಗಳು ನನ್ನನ್ನು ಈಗಲೂ ಕಾಡುತ್ತವೆ.

ಶ್ವಾಸಕೋಶದ ಕಾಯಿಲೆ ಹೊಟ್ಟೆಯನ್ನೇಕೆ ಕೆಡಿಸುತ್ತದೆ? ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗುವುದು ಎಸಿಇ2 ಎಂಬ ಪ್ರೋಟೀನಿನ ಮೂಲಕ. ಈ ಪ್ರೋಟೀನ್ ಶ್ವಾಸಕೋಶದಲ್ಲಷ್ಟೇ ಅಲ್ಲ, ಸಣ್ಣ ಕರುಳಿನ ಒಳಪದರದಲ್ಲಿಯೂ ಹೇರಳವಾಗಿದೆ. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಪತ್ತೆಯಾದ ಮೊದಲ ರೋಗಿಗೂ ವಾಂತಿ, ವಾಕರಿಕೆ ಇತ್ತು. ಆತನ ಮಲದಲ್ಲಿಯೂ ವೈರಸ್‌ನ ಆರ್‌ಎನ್‌ಎ ಸಿಕ್ಕಿತ್ತು. ಫ್ಲೂ ಜ್ವರದಲ್ಲಿಯೂ, ಅದರಲ್ಲೂ ಮಕ್ಕಳಿಗೆ, ವಾಂತಿ ಭೇದಿ ಆಗುವುದುಂಟು.

ಪ್ರತಿಯೊಂದು ಭೇದಿಯೂ ಕೋವಿಡ್ ಎಂದು ಹೆದರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಊರಲ್ಲಿ ಜ್ವರ ಹಬ್ಬಿರುವಾಗ ಹೊಟ್ಟೆ ಕೆಟ್ಟರೆ ಊಟವನ್ನಷ್ಟೇ ದೂರಿ ಸುಮ್ಮನಾಗಬಾರದು. ಮಾಸ್ಕ್ ಹಾಕಿಕೊಂಡು ಹಿರಿಯರಿಂದ ದೂರವಿರಬೇಕು, ಒಆರ್‌ಎಸ್ ಕುಡಿಯಬೇಕು, ವೈದ್ಯರಿಗೆ ತೋರಿಸಬೇಕು. ಮೆಡಿಕಲ್ ಶಾಪಿನಲ್ಲಿ ನಾವೇ ಆಂಟಿಬಯಾಟಿಕ್ ಕೇಳಿ ನುಂಗುವುದು ತಪ್ಪು; ಅದು ವೈರಸ್ಸನ್ನು ಕೊಲ್ಲುವುದಿಲ್ಲ.

ಇನ್ನು ನಮ್ಮ ಕಾಲೇಜಿನ ಮಾತು. ಕಳೆದ ತಿಂಗಳು ನನ್ನ ಬೆಂಚಿನ ಗೆಳತಿ ಜ್ವರ, ಭೇದಿ ಇದ್ದರೂ ಕ್ಲಾಸಿಗೆ ಬಂದಳು. ಕೇಳಿದರೆ, "ಅಟೆಂಡೆನ್ಸ್ ಶೇ. 75 ಆಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಲ್ಲ" ಎಂದಳು. ಅವಳ ಭಯ ಸುಳ್ಳಲ್ಲ. ಆದರೆ ಅವಳ ಪಕ್ಕ ಕೂತು ಮನೆಗೆ ಹೋಗುವ ನಮ್ಮ ಮನೆಯಲ್ಲೂ ದಾದಿ ಇದ್ದಾರೆ. ಕಾಯಿಲೆ ಬಿದ್ದವರು ಬಿಟ್ಟುಹೋದ ತರಗತಿಗಳನ್ನು ಆಮೇಲೆ ಸರಿದೂಗಿಸಿಕೊಳ್ಳಲು ದಾರಿ ಮಾಡಿಕೊಡಿ ಎಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ.

ಇನ್ನೊಂದು ಸಣ್ಣ ಕೋರಿಕೆ. ವುಝೂ ಮಾಡುವಾಗ ನಾವು ಮೊದಲು ತೊಳೆಯುವುದೇ ಕೈಗಳನ್ನು. ಆದರೆ ಶೌಚಾಲಯದಿಂದ ಬಂದ ಕೈಗೆ ಬರೀ ನೀರು ಸಾಲದು. ಶೌಚಾಲಯದ ನಲ್ಲಿಗಳ ಬಳಿ ಸದಾ ಸಾಬೂನು ಇರಲಿ. ಅದನ್ನು ಬಳಸುವ ಜವಾಬ್ದಾರಿ ನಮ್ಮದು.