ಚಕ್ರದ ಹಿಂದಿನ ಬಿಲ್ಲೆ

ಊರಿಗೆ ಹೊರಟು ನಿಂತವರಿಂದ ಕಾರು ಕೊಳ್ಳುವುದು ದಾರ್ಸೈಟಿನಲ್ಲಿ ನಮಗೆ ಹೊಸದಲ್ಲ. ಕಾರಿನ ಜೊತೆಗೆ ಹಿಂದಿನವರ ಷೋಕಿಯೂ ನಮ್ಮ ಪಾಲಿಗೆ ಬರುತ್ತದೆ. ಕಂಪನಿಯ ಚಕ್ರ ತೆಗೆದು ಅಂಗಡಿಯ ಅಗಲವಾದ ಅಲಾಯ್ ಚಕ್ರ ಹಾಕಿಸಿರುತ್ತಾರೆ. ಅದು ಒಳಗೆಲ್ಲೋ ಉಜ್ಜುತ್ತದೆ. ವಾದಿ ಕಬೀರಿಗೋ ಘಲಾಕ್ಕೋ ಒಯ್ದರೆ “ಒಂದು ಸ್ಪೇಸರ್ ಕೂರಿಸಿದರೆ ಸರಿಹೋಯಿತು” ಎಂಬ ಉತ್ತರ ಸಿಗುತ್ತದೆ. ಕೂರಿಸಬಹುದೆ, ಕೂರಿಸುವುದಾದರೆ ಎಂಥದನ್ನು ಎಂಬುದೇ ಈ ಸಲದ ವಿಷಯ.

ಎತ್ತಿನ ಗಾಡಿಯಲ್ಲಿ ನಾವು ಗುಂಬ ಎನ್ನುವ ಭಾಗಕ್ಕೆ ಕಾರಿನಲ್ಲಿ ಹಬ್ ಎಂದು ಹೆಸರು. ಹಬ್‌ಗೂ ಚಕ್ರಕ್ಕೂ ನಡುವೆ ಇಡುವ ಲೋಹದ ಬಿಲ್ಲೆಯೇ ಸ್ಪೇಸರ್. ಗಾಡಿಯ ಚಕ್ರ ಕಳಚದಂತೆ ಕಾಯುವುದು ಕಡಾಣಿ. ಕಾರಿನಲ್ಲಿ ಆ ಕೆಲಸ ಐದು ಬೋಲ್ಟುಗಳದೆಂದು ನಾವು ತಿಳಿದಿರುತ್ತೇವೆ. ಇದು ಅರ್ಧ ನಿಜ. ಬೋಲ್ಟು ಮಾಡುವುದು ಅದುಮಿ ಹಿಡಿಯುವ ಕೆಲಸ. ಹಾಗೆ ಅದುಮಿದ ಎರಡು ಮುಖಗಳ ಘರ್ಷಣೆಯೇ ಕಾರಿನ ಭಾರವನ್ನೂ ಬ್ರೇಕಿನ ಜಗ್ಗಾಟವನ್ನೂ ತಡೆಯುತ್ತದೆ. ಟೊಯೋಟಾ ಕ್ಯಾಮ್ರಿಯ ನಟ್ಟನ್ನು ಬಿಗಿಯಬೇಕಾದ ಅಳತೆ 103 ನ್ಯೂಟನ್ ಮೀಟರ್. ಲೆಕ್ಕ ಹಾಕಿದರೆ ಒಂದೊಂದು ಬೋಲ್ಟೂ ಸುಮಾರು 4 ಟನ್ ಬಲದಿಂದ ಅದುಮುತ್ತದೆ. ಈ ಹಿಡಿತ ಸಡಿಲಿದರೆ ಭಾರವೆಲ್ಲ ಬೋಲ್ಟಿನ ಮೇಲೆ ಬಿದ್ದು, ಅದು ಹಿಂದಕ್ಕೂ ಮುಂದಕ್ಕೂ ಬಾಗಿ ಬಾಗಿ, ದಣಿದು ಮುರಿಯುತ್ತದೆ. ಆದ್ದರಿಂದ ಸ್ಪೇಸರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಹಿಡಿತ ಉಳಿಯುತ್ತದೆಯೆ?

ಮೊದಲು, ಅದು ಬೇಕೇ ಎಂದು ನೋಡಿರಿ. ಚಕ್ರದ ಒಳಮೈಯಲ್ಲಿ ಇ.ಟಿ. ಎಂದು ಒಂದು ಅಂಕಿ ಇರುತ್ತದೆ. ಐನ್‌ಪ್ರೆಸ್‌ಟೀಫ ಎಂಬ ಜರ್ಮನ್ ಪದದ ಸಂಕ್ಷೇಪ ಅದು. ಚಕ್ರದ ಅಗಲದ ನಡುಗೆರೆಯಿಂದ ಹಬ್ ತಾಗುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬುದನ್ನು ಅದು ಹೇಳುತ್ತದೆ. 7 ಅಂಗುಲ ಅಗಲದ, ಇ.ಟಿ. 45ರ ಚಕ್ರ ತೆಗೆದು ಅದೇ ಇ.ಟಿ.ಯ 8 ಅಂಗುಲದ ಚಕ್ರ ಹಾಕಿದಿರೆನ್ನಿ. ಒಳಗೂ ಹೊರಗೂ ತಲಾ 12.7 ಮಿ.ಮೀ. ಚಾಚಿಕೊಳ್ಳುತ್ತದೆ, ಉಜ್ಜುವುದು ಅದಕ್ಕೇ. 10 ಮಿ.ಮೀ. ಸ್ಪೇಸರ್ ಹಾಕಿದರೆ ಅದು ಇ.ಟಿ. 35 ಆದಂತೆ. ಹಾಗಾದರೆ ಇ.ಟಿ. 35ರ ಚಕ್ರವನ್ನೇ ಕೊಂಡರಾಯಿತು, ಬಿಲ್ಲೆಯ ಹಂಗೇ ಇಲ್ಲ. ಒಳ್ಳೆಯ ಸ್ಪೇಸರ್ ಎಂದರೆ ಸರಿಯಾದ ಚಕ್ರವೇ. ಎರಡರಲ್ಲೂ ಬೇರಿಂಗಿನ ಮೇಲೆ ಸನ್ನೆಯ ಭಾರ ಒಂದೇ ರೀತಿ ಹೆಚ್ಚುವುದು ಖರೆ. ಆದರೆ ಸಡಿಲಗೊಳ್ಳಬಹುದಾದ ಸಂದು ಒಂದು ಕಡಿಮೆ.

ಚಕ್ರ ಆಗಲೇ ಕೊಂಡಾಗಿದೆ, ಬ್ರೇಕಿನ ಕ್ಯಾಲಿಪರಿಗೆ ತಾಗುತ್ತಿದೆ ಎಂದಾದರೆ ಮೂರು ಸಂಗತಿ ನೋಡಿ ಆರಿಸಬೇಕು.

ಒಂದು, ದಪ್ಪ. 3ರಿಂದ 5 ಮಿ.ಮೀ.ನ ತೆಳು ಬಿಲ್ಲೆ ಹಳೆಯ ಬೋಲ್ಟುಗಳ ಮೇಲೆಯೇ ಕೂರುತ್ತದೆ. ಅದರ ದಪ್ಪದಷ್ಟು ಎಳೆ ನಟ್ಟಿನ ಪಾಲಿಗೆ ಕಡಿಮೆಯಾಗುತ್ತದೆ. 12 ಮಿ.ಮೀ. ಬೋಲ್ಟಿಗೆ ಕನಿಷ್ಠ 12 ಮಿ.ಮೀ. ಎಳೆಯಾದರೂ ಕಚ್ಚಿರಬೇಕು. ಟೊಯೋಟಾದ 1.5 ಮಿ.ಮೀ. ಎಳೆಗೆ ಇದು 8 ಸುತ್ತು, ನಿಸಾನಿನ 1.25ಕ್ಕೆ ಸುಮಾರು 10 ಸುತ್ತು. ನಟ್ಟನ್ನು ಕೈಯಲ್ಲೇ ತಿರುಗಿಸುತ್ತ ಎಣಿಸಿರಿ. ಕಡಿಮೆ ಬಂದರೆ ಉದ್ದನೆಯ ಬೋಲ್ಟು ಹಾಕಿಸಬೇಕು, ಇಲ್ಲವೇ ಬಿಲ್ಲೆ ಬಿಡಬೇಕು. 20–25 ಮಿ.ಮೀ.ನ ದಪ್ಪ ಬಿಲ್ಲೆ ಹಬ್‌ಗೆ ತಾನೇ ಬಿಗಿದುಕೊಂಡು, ತನ್ನದೇ ಬೋಲ್ಟುಗಳಲ್ಲಿ ಚಕ್ರವನ್ನು ಹೊರುತ್ತದೆ. ಹಳೆಯ ಬೋಲ್ಟಿನ ತುದಿ ಬಿಲ್ಲೆಯ ಮುಖದಿಂದ ಹೊರಗೆ ಇಣುಕಬಾರದು. ಇಣುಕಿದರೆ ಚಕ್ರ ಸಮನಾಗಿ ಕೂರುವುದಿಲ್ಲ. ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಎಂದೂ ಇಡಬೇಡಿ.

ಎರಡು, ನಡುತೂತು. ಕ್ಯಾಮ್ರಿ, ಹೋಂಡಾ ಅಕಾರ್ಡ್, ನಿಸಾನ್ ಆಲ್ಟಿಮಾಗಳ ಬಹುತೇಕ ಮಾದರಿಗಳಲ್ಲಿ ಐದು ಬೋಲ್ಟುಗಳು 114.3 ಮಿ.ಮೀ. ವೃತ್ತದ ಮೇಲಿವೆ. ಆದರೆ ನಡುತೂತು ಕ್ರಮವಾಗಿ 60.1, 64.1, 66.1. ಅಂಗಡಿಯ ಚಕ್ರಗಳಲ್ಲಿ ಅನೇಕವು 73.1. “ಬೋಲ್ಟು ಹೊಂದಿತು” ಎಂದ ಮಾತ್ರಕ್ಕೆ ಚಕ್ರ ನಡುವಿಗೆ ಕೂತಂತಲ್ಲ. ಒಳಗೆ ಹಬ್‌ಗೂ ಹೊರಗೆ ಚಕ್ರಕ್ಕೂ ಸರಿಯಾದ ಅಂಚಿರುವ ಬಿಲ್ಲೆಯನ್ನೇ ಕೇಳಿ. ಇಲ್ಲವಾದರೆ ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗು ನಡುಗತೊಡಗುತ್ತದೆ.

ಮೂರು, ಲೋಹ. ಎರಕ ಹೊಯ್ದ ಅಗ್ಗದ ಬಿಲ್ಲೆ ಬೇಡ. 6061-ಟಿ6 ಎಂಬ ಮಿಶ್ರಲೋಹದ ಗಟ್ಟಿಯಿಂದ ಕಡೆದದ್ದು ಇರಲಿ. ಇಲ್ಲಿ ನನ್ನ ಕಸುಬಿನ ಮಾತೊಂದಿದೆ. ಉಕ್ಕಿನ ಹಬ್‌ಗೆ ಅಲ್ಯುಮಿನಿಯಂ ತಾಗಿ, ನಡುವೆ ಉಪ್ಪಿನ ತೇವ ಸೇರಿದರೆ ಅದೊಂದು ಪುಟ್ಟ ವಿದ್ಯುತ್ಕೋಶ. ಅದರಲ್ಲಿ ಸವೆಯುವುದು ಅಲ್ಯುಮಿನಿಯಂ. ದಾರ್ಸೈಟಿನ ಕಡಲ ಗಾಳಿಯಲ್ಲಿ ಉಪ್ಪಿಗೂ ತೇವಕ್ಕೂ ಬರವಿಲ್ಲ. ಹಾಗೆ ಹುಟ್ಟುವ ಬಿಳಿ ಪುಡಿಯಾಗಲಿ, ತುಕ್ಕಾಗಲಿ, ದಪ್ಪನೆಯ ಬಣ್ಣವಾಗಲಿ ಎರಡು ಮುಖಗಳ ನಡುವೆ ಉಳಿದರೆ ದಿನಕಳೆದಂತೆ ಪುಡಿಯಾಗಿ ಬಿಗಿತ ತಗ್ಗುತ್ತದೆ. ಬೌಶರ್–ಅಮೆರಾತ್ ಬೆಟ್ಟದ ಇಳಿಜಾರಿನಂಥಲ್ಲಿ ಬ್ರೇಕು ಕಾದಾಗ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಹೊಸ ಸಂದು ಅಣಿಗೊಳ್ಳುವವರೆಗೆ ಇದೂ ಬಿಗಿತವನ್ನು ಕದಲಿಸುತ್ತದೆ.

ಆದಕಾರಣ ಕೂರಿಸುವ ಮುನ್ನ ಎರಡೂ ಮುಖಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ. ಅಂಟುನಿರೋಧಕ ಗ್ರೀಸನ್ನು ನಡುವಿನ ಅಂಚಿಗಷ್ಟೇ ತೆಳ್ಳಗೆ ಸವರಿಸಿ, ಎಳೆಗಳಿಗೆ ಬೇಡ. ಎಣ್ಣೆಯಾದ ಎಳೆ ಅದೇ 103ರ ಅಳತೆಗೆ ಮೂರರಲ್ಲೊಂದು ಪಾಲು ಹೆಚ್ಚು ಸೆಳೆದು ಬೋಲ್ಟನ್ನು ಹಿಗ್ಗಿಸಬಹುದು. ಗಾಳಿಯಂತ್ರದಿಂದ ಗರ್ರೆನಿಸಿ ಬಿಡುವುದಕ್ಕೆ ಒಪ್ಪಬೇಡಿ. ಟಾರ್ಕ್ ಸ್ಪ್ಯಾನರಿನಿಂದ ಎದುರುಬದುರಾಗಿ ಬಿಗಿಸಿ. 100 ಕಿ.ಮೀ. ಓಡಿದ ಮೇಲೆ ತಣ್ಣಗಿರುವಾಗ ಮತ್ತೆ ನೋಡಿಸಿ. ದಪ್ಪ ಬಿಲ್ಲೆಯ ಒಳಸಾಲಿನ ನಟ್ಟುಗಳು ಚಕ್ರ ಬಿಚ್ಚದೆ ಕಾಣುವುದಿಲ್ಲ. ಅವನ್ನು ಮರೆಯುವುದೇ ಹೆಚ್ಚು. ಸಲಾಲಕ್ಕೆ ಸಾವಿರ ಕಿ.ಮೀ. ಹೊರಡುವ ಮುನ್ನ ಅವನ್ನೂ ನೋಡಿಸತಕ್ಕದ್ದು.

ಕಾನೂನಿನ ಮಾತೂ ಇದೆ. ಭಾರತದಲ್ಲಿ ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅಡ್ಡಿಯಾಗಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಇಲ್ಲಿ ಮುಲ್ಕಿಯಾ ತಪಾಸಣೆಗೂ ವಿಮೆಗೂ ತೊಡಕಾಗದೆಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಹಳೆಯ ಕಾರು ಕೊಳ್ಳುವವರಿಗೆ ಕೊನೆಯ ಮಾತು. ಚಕ್ರಗಳು ಬೇರೆಯವಾಗಿದ್ದರೆ, ಹಣ ಕೊಡುವ ಮುನ್ನ ನಾಲ್ಕನ್ನೂ ಬಿಚ್ಚಿಸಿ ಹಿಂದೆ ಏನಿದೆ ನೋಡಿರಿ. ಅರ್ಧ ಗಂಟೆಯ ಕೆಲಸ. ಮಾರುವವರಿಗೆ ಬೇಸರವಾದರೂ ಚಿಂತೆಯಿಲ್ಲ. ನಾಳೆಯಿಂದ ಶಾಲೆಗೆ ಹೋಗುವ ಮಕ್ಕಳು ಕೂರುವುದು ಅದರಲ್ಲೇ.

ಮುಂದಿನ ಸಂಚಿಕೆಯಲ್ಲಿ: ಟೈರಿನ ವಯಸ್ಸನ್ನು ಅದರ ಮೈಮೇಲೆಯೇ ಓದುವ ಬಗೆ.